ಕಿರ್ದಿ ಇಲ್ಲದ ಖಾತೆ: ಹಾಲಿನ ದರದ ಚರಿತ್ರೆಯನ್ನು ನಾನು ಉಳಿಸಿಕೊಂಡ ಬಗೆ

ನಮ್ಮ ತಾಲ್ಲೂಕಿನ ಹಾಲು ಉತ್ಪಾದಕರ ಸಹಕಾರ ಸಂಘವೊಂದಕ್ಕೆ ಬಟವಾಡೆಯ ತಂತ್ರಾಂಶ ಬರೆದುಕೊಟ್ಟವನು ನಾನು. ಒಂದು ಬೆಳಿಗ್ಗೆ ಹಿರಿಯ ಸದಸ್ಯೆಯೊಬ್ಬರು ಎರಡು ಚೀಟಿ ಹಿಡಿದು ಬಂದರು. ಎರಡೂ ಅದೇ ಹದಿನೈದು ದಿನಗಳ ಲೆಕ್ಕ. ಲೀಟರ್ ಒಂದೇ, ಫ್ಯಾಟ್ (ಹಾಲಿನ ಕೊಬ್ಬಿನಂಶ) ಒಂದೇ, ಮೊತ್ತ ಮಾತ್ರ ಬೇರೆ. ಮೊದಲ ಚೀಟಿ ಕಳೆದುಹೋಯಿತೆಂದು ಇನ್ನೊಂದು ಪ್ರತಿ ಪಡೆದಿದ್ದರಂತೆ, ಆಮೇಲೆ ಹಳೆಯದೂ ಸಿಕ್ಕಿತಂತೆ. ‘ಇದರಲ್ಲಿ ಯಾವುದು ಸರಿ?’ ಎಂದು ಕೇಳಿದರು. ನನ್ನ ಬಳಿ ಉತ್ತರವಿರಲಿಲ್ಲ.

ಕಾರಣ ಹುಡುಕಲು ಹೆಚ್ಚು ಹೊತ್ತು ಬೇಕಾಗಲಿಲ್ಲ. ದರದ ಟೇಬಲ್‌ನಲ್ಲಿ ಪ್ರತಿ ಫ್ಯಾಟ್ ಹಂತಕ್ಕೆ ಒಂದೇ ಸಾಲು ಇಟ್ಟಿದ್ದೆ. ದರ ಬದಲಾದಾಗ ಅದರ ಮೇಲೆಯೇ ಹೊಸದನ್ನು ಬರೆಯುತ್ತಿದ್ದೆ. ಚೀಟಿ ಮುದ್ರಿಸುವಾಗ ಲೀಟರನ್ನು ಮುದ್ರಣದ ದಿನದ ದರದಿಂದ ಗುಣಿಸುತ್ತಿದ್ದೆ. ಹಳೆಯ ಅಂಗಡಿಗಳಲ್ಲಿ ಕಿರ್ದಿ ಬೇರೆ, ಖಾತೆ ಬೇರೆ. ನಡೆದದ್ದು ನಡೆದ ಕ್ರಮದಲ್ಲೇ ಕಿರ್ದಿಗೆ ಹೋಗುತ್ತದೆ, ಈಗ ಯಾರ ಬಾಕಿ ಎಷ್ಟು ಎಂಬುದು ಖಾತೆಯಲ್ಲಿ ನಿಲ್ಲುತ್ತದೆ. ಕಿರ್ದಿಯಲ್ಲಿ ತಪ್ಪಾದರೆ ಗೀಟು ಹಾಕಿ ಕೆಳಗೆ ಬರೆಯುತ್ತಾರೆ, ಉಜ್ಜುವುದಿಲ್ಲ. ನಾನು ಕಟ್ಟಿದ್ದು ಖಾತೆಯನ್ನು ಮಾತ್ರ.

ಅಂದು ಸಂಜೆಯೇ ಬಿಲ್ಲಿನ ಸಾಲಿನಲ್ಲಿ ದರವನ್ನೂ ಉಳಿಸತೊಡಗಿದೆ. ಅದು ಮೊದಲೇ ಇರಬೇಕಾಗಿತ್ತು. ಆದರೆ ದರ ಯಾರು ಬದಲಿಸಿದರು, ಯಾವಾಗ ಬದಲಿಸಿದರು ಎಂದು ಲೆಕ್ಕ ಪರಿಶೋಧಕರು ಕೇಳಿದರೆ ಆಗಲೂ ಉತ್ತರವಿರಲಿಲ್ಲ. ಅದಕ್ಕಾಗಿ ನಮ್ಮ ದತ್ತಸಂಚಯವಾದ (ಡೇಟಾಬೇಸ್) ಪೋಸ್ಟ್‌ಗ್ರೆಸ್‌ನಲ್ಲಿ ಟ್ರಿಗರ್ ಬರೆದೆ, ಅಂದರೆ ಸಾಲು ಬದಲಾದಾಗ ತಾನಾಗಿ ಓಡುವ ಕೋಡ್. ಸಾಲು ಬದಲಾದಾಗಲೆಲ್ಲ ಅದರ ಹಳೆಯ ರೂಪ ಜೇಸನ್ ಆಗಿ, ಅಂದರೆ ಕಾಲಂನ ಹೆಸರು–ಬೆಲೆಗಳ ಜೋಡಿಗಳ ಪಠ್ಯವಾಗಿ, ಬೇರೊಂದು ಟೇಬಲ್‌ಗೆ ಹೋಗುತ್ತಿತ್ತು, ಜೊತೆಗೆ ಬಳಕೆದಾರರ ಹೆಸರು ಮತ್ತು ಸಮಯ. ಯಾರು ಮುಟ್ಟಿದರು ಎಂದು ತಿಳಿಯಲು ಇಷ್ಟು ಸಾಕು. ಆದರೆ ಮಾರ್ಚ್ 14ರಂದು ದರ ಎಷ್ಟಿತ್ತು ಎಂದು ಕೇಳಿದರೆ ತುಂಡುಗಳನ್ನು ಜೋಡಿಸುತ್ತಾ ಕೂರಬೇಕಾಗುತ್ತಿತ್ತು. ನಡುವೆ ಒಂದು ಕಾಲಂನ ಹೆಸರು ಬದಲಿಸಿದೆ. ಹಳೆಯ ಜೇಸನ್‌ನಲ್ಲಿ ಹಳೆಯ ಹೆಸರೇ ಉಳಿದು ಹುಡುಕಾಟ ಇನ್ನಷ್ಟು ತೊಡಕಾಯಿತು.

ಮುಂದಿನ ಹೆಜ್ಜೆಯಾಗಿ ದರದ ಪ್ರತಿ ರೂಪಕ್ಕೂ ಒಂದು ಸಾಲು, ಪ್ರತಿ ಸಾಲಿಗೂ ಒಂದು ಅವಧಿ ಕೊಟ್ಟೆ. ಪೋಸ್ಟ್‌ಗ್ರೆಸ್ 9.2ರಿಂದ ಅವಧಿಯನ್ನೇ ಒಂದು ದತ್ತಾಂಶ ಪ್ರಕಾರವಾಗಿ ಕೊಡುತ್ತದೆ. ಎಕ್ಸ್‌ಕ್ಲೂಷನ್ ನಿರ್ಬಂಧ ಹಾಕಿದರೆ ಒಂದೇ ಹಂತದ ಎರಡು ದರಗಳ ಅವಧಿಗಳು ಒಂದರ ಮೇಲೊಂದು ಬೀಳದಂತೆ ದತ್ತಸಂಚಯವೇ ತಡೆಯುತ್ತದೆ. ನನ್ನ ಕೋಡ್ ಎಚ್ಚರವಾಗಿರುತ್ತದೆಂದು ನಂಬುವುದಕ್ಕಿಂತ ಇದು ಎಷ್ಟೋ ವಾಸಿ. ಒಂದು ಎಚ್ಚರಿಕೆ ಹೇಳಬೇಕು. ಸಂಘದಲ್ಲಿ ‘1ರಿಂದ 15ರವರೆಗೆ’ ಎಂದರೆ 15ನೇ ತಾರೀಖೂ ಸೇರಿದೆ. ಟೇಬಲ್‌ನಲ್ಲಿ ಮಾತ್ರ ನಾನು ಕೊನೆಯ ದಿನವನ್ನು ಸೇರಿಸದೆ 16 ಎಂದೇ ಬರೆಯುತ್ತೇನೆ. ಒಂದು ಅವಧಿ ಮುಗಿಯುವಲ್ಲೇ ಇನ್ನೊಂದು ಶುರುವಾಗುವುದರಿಂದ ನಡುವೆ ಬಿರುಕು ಬೀಳುವುದಿಲ್ಲ.

ಇಷ್ಟಾದ ಮೇಲೆ ಕೆಲಸ ಮುಗಿಯಿತು ಎಂದುಕೊಂಡಿದ್ದೆ. ಒಂದು ತಿಂಗಳ 20ರಂದು ಸಂಘಕ್ಕೆ ಆದೇಶ ಬಂತು: ಲೀಟರಿಗೆ 32 ರೂಪಾಯಿ ಇದ್ದ ದರ 34 ಆಗಿದೆ, 1ನೇ ತಾರೀಖಿನಿಂದ ಪೂರ್ವಾನ್ವಯ. ಮೊದಲ ಹದಿನೈದು ದಿನಗಳ ಬಟವಾಡೆ 18ರಂದೇ ಆಗಿಹೋಗಿತ್ತು. ಅವಧಿಯನ್ನು ಹಿಂದಕ್ಕೆ ಎಳೆದು 1ರಿಂದ 34 ಎಂದು ತಿದ್ದಿದರೆ, 18ರಂದು ನಾವು 32ರ ಲೆಕ್ಕದಲ್ಲಿ ಹಣ ಕೊಟ್ಟದ್ದು ಏಕೆ ಎಂಬುದಕ್ಕೆ ದರದ ಟೇಬಲ್‌ನಲ್ಲಿ ಸಾಕ್ಷಿಯೇ ಇರುವುದಿಲ್ಲ. ತಿದ್ದದಿದ್ದರೆ ಸದಸ್ಯರಿಗೆ ಲೀಟರಿಗೆ ಎರಡು ರೂಪಾಯಿ ನಷ್ಟ.

ಇಲ್ಲಿ ಕಾಲಗಳು ಎರಡು: ದರ ಯಾವಾಗಿನಿಂದ ಅನ್ವಯ, ಅದು ನಮ್ಮ ದಾಖಲೆಗೆ ಯಾವಾಗ ಬಂತು. ಹಾಗಾಗಿ ಪ್ರತಿ ಸಾಲಿಗೂ ಅನ್ವಯ ಅವಧಿ, ದಾಖಲೆ ಅವಧಿ ಎಂದು ಎರಡನ್ನು ಇಟ್ಟೆ. ನಿರ್ಬಂಧವನ್ನೂ ಎರಡೂ ಅವಧಿಗಳು ಸೇರುವಂತೆ ತಿದ್ದಿದೆ. 20ರ ಆದೇಶವನ್ನು ಹಾಕಿದಾಗ ಹಳೆಯ ಸಾಲು ಅಳಿಯುವುದಿಲ್ಲ, ಅದರ ದಾಖಲೆ ಅವಧಿ 20ಕ್ಕೆ ಮುಚ್ಚುತ್ತದೆ. ಎರಡು ಹೊಸ ಸಾಲುಗಳು ಹುಟ್ಟುತ್ತವೆ: 1ನೇ ತಾರೀಖಿನ ಮುನ್ನಾದಿನದವರೆಗೆ 32, 1ರಿಂದ ಮುಂದಕ್ಕೆ 34. ಈಗ 10ನೇ ತಾರೀಖಿನ ದರ ಎಷ್ಟು ಎಂದರೆ 34. 18ರಂದು ನಮಗೆ ತಿಳಿದಿದ್ದಂತೆ ಎಷ್ಟು ಎಂದರೆ 32. ಎರಡೂ ಸರಿಯಾದ ಉತ್ತರಗಳೇ.

ದಾಖಲೆಯ ಕಾಲವನ್ನು ಬೇರೆ ಕೆಲವು ದತ್ತಸಂಚಯಗಳು, ಮಾರಿಯಾಡಿಬಿ 10.3ರಿಂದ, ಎಸ್‌ಕ್ಯೂಎಲ್ ಸರ್ವರ್ 2016ರಿಂದ, ತಾವೇ ನೋಡಿಕೊಳ್ಳುತ್ತವೆ. ಪೋಸ್ಟ್‌ಗ್ರೆಸ್‌ನಲ್ಲಿ ಟ್ರಿಗರ್ ನಾವೇ ಬರೆಯಬೇಕು, ಅಲ್ಲಿ ಒಂದು ಸೂಕ್ಷ್ಮವಿದೆ. ಅದರ ‘ನೌ’ ಫಂಕ್ಷನ್ ಹೇಳುವುದು ಟ್ರಾನ್ಸಾಕ್ಷನ್ (ಒಟ್ಟಿಗೇ ಉಳಿಯುವ ಬದಲಾವಣೆಗಳ ಗುಂಪು) ಆರಂಭವಾದ ಸಮಯವನ್ನು. ಒಂದೇ ಟ್ರಾನ್ಸಾಕ್ಷನ್‌ನಲ್ಲಿ ಒಂದು ದರವನ್ನು ಎರಡು ಸಲ ತಿದ್ದಿದರೆ ನಡುವಿನ ರೂಪದ ಅವಧಿ ಶುರುವಾದ ಕ್ಷಣದಲ್ಲೇ ಮುಗಿಯುತ್ತದೆ. ಅದು ಖಾಲಿ ಅವಧಿಯಾಗಿ ಕೂತು ಯಾವ ಹುಡುಕಾಟಕ್ಕೂ ಸಿಗುವುದಿಲ್ಲ. ಹೊರಗಿನ ಯಾರ ಕಣ್ಣಿಗೂ ಬೀಳದ ಆ ರೂಪವನ್ನು ಉಳಿಸಬೇಕಿಲ್ಲ ಎಂದು ತೀರ್ಮಾನಿಸಿ ಟ್ರಿಗರ್‌ನಲ್ಲೇ ಅದನ್ನು ಕೈಬಿಟ್ಟೆ.

ಈಗ ಪೂರ್ವಾನ್ವಯದ ಆದೇಶ ಬಂದಾಗ ಸಂಘದ ಚೀಟಿಯಲ್ಲಿ ಮೂರು ಸಾಲು ಬರುತ್ತವೆ: ಬಟವಾಡೆಯಾದಾಗಿನ ದರ, ಪರಿಷ್ಕೃತ ದರ, ಬರಬೇಕಾದ ವ್ಯತ್ಯಾಸ. ಮುಂದಿನ ಕೆಲಸ ಸದಸ್ಯರ ಟೇಬಲ್. ತಾಯಿಯ ಸದಸ್ಯತ್ವ ಮಗಳ ಹೆಸರಿಗೆ ಬದಲಾದಾಗ ಹಳೆಯ ಚೀಟಿಗಳಲ್ಲಿ ಇನ್ನೂ ಮಗಳ ಹೆಸರೇ ಮುದ್ರಣವಾಗುತ್ತಿದೆ.