ಉಬ್ಬಸವಿರುವ ಮಗುವಿಗೆ ಜಂತುಹುಳುವಿನ ಮಾತ್ರೆ: ಕೊಡುವ ಕ್ರಮ ಹೇಗೆ?

ಹೊಟ್ಟೆಯಲ್ಲಿ ಹುಳುವಿದ್ದರೆ ಮಕ್ಕಳಿಗೆ ಅಲರ್ಜಿ ಬಾರದು ಎಂಬ ಮಾತನ್ನು ನಂಬಿ, ಉಬ್ಬಸದ ಮಗುವಿಗೆ ಮಾತ್ರೆ ತಪ್ಪಿಸುವ ತಂದೆತಾಯಿಯರಿಗಾಗಿ ಈ ಲೇಖನ. ಮಾತು ಪೂರ್ತಿ ಬುಡವಿಲ್ಲದ್ದಲ್ಲ. ಕರುಳಿನಲ್ಲಿ ವರ್ಷಗಟ್ಟಲೆ ನೆಲೆಸಲು ಹುಳುಗಳು ನಮ್ಮ ರೋಗನಿರೋಧಕ ಶಕ್ತಿಯ ಕಾವನ್ನು ತಗ್ಗಿಸುತ್ತವೆ; ಅಲರ್ಜಿಯೆಂದರೆ ಅದೇ ಕಾವು ಅತಿಯಾಗುವುದು. ಗ್ಯಾಬೊನ್ ದೇಶದ ಮಕ್ಕಳಿಗೆ ಹುಳುವಿನ ಔಷಧಿಯನ್ನು ಪದೇ ಪದೇ ಕೊಟ್ಟಾಗ ಧೂಳುನುಸಿಗೆ (ಮನೆಯ ಧೂಳಿನಲ್ಲಿರುವ, ಅಲರ್ಜಿ ತರುವ ಸೂಕ್ಷ್ಮ ಜೀವಿ) ಚರ್ಮ ತೋರುವ ಅಲರ್ಜಿಯ ಪ್ರತಿಕ್ರಿಯೆ ಹೆಚ್ಚಿದ್ದು 2004ರ ಅಧ್ಯಯನದಲ್ಲಿ ಕಂಡಿತ್ತು. ಆದರೆ ಈಕ್ವೆಡಾರ್‌ನಲ್ಲಿ ಒಂದು ವರ್ಷ ಔಷಧಿ ಕೊಟ್ಟರೂ ಮಕ್ಕಳ ಅಲರ್ಜಿ, ಉಬ್ಬಸ ಹೆಚ್ಚಲಿಲ್ಲವೆಂದು 2006ರಲ್ಲಿ ವರದಿಯಾಯಿತು. ಇತ್ತ ಕೊಕ್ಕೆಹುಳು ರಕ್ತ ಹೀರುವುದು, ಮಗು ಬಿಳಿಚಿಕೊಂಡು ಬೆಳವಣಿಗೆ ಕುಂಠಿತವಾಗುವುದು ಮಾತ್ರ ಖಚಿತ. ಆದ್ದರಿಂದ ಮಾತ್ರೆ ಕೊಡಲೇಬೇಕೆಂಬುದು ನನ್ನ ದೃಢವಾದ ಅಭಿಪ್ರಾಯ.

ಮೊದಲು ದಿನವನ್ನು ಗುರುತಿಟ್ಟುಕೊಳ್ಳಿ. ಸಾಮಾನ್ಯವಾಗಿ ಫೆಬ್ರವರಿ 10 ಮತ್ತು ಆಗಸ್ಟ್ 10ರಂದು 1ರಿಂದ 19 ವರ್ಷದವರಿಗೆ ಅಂಗನವಾಡಿ, ಶಾಲೆಗಳಲ್ಲಿ ಹುಳುವಿನ ಮಾತ್ರೆಯಾದ ಅಲ್ಬೆಂಡಜೋಲ್ ಉಚಿತವಾಗಿ ಸಿಗುತ್ತದೆ. ಆಗಸ್ಟಿನಲ್ಲಿ ಮಳೆಗೆ ಶಾಲೆಗೆ ರಜೆ ಬಿದ್ದರೆ, ಬಿಟ್ಟುಹೋದವರಿಗೆ ಕೊಡುವ ದಿನ ಯಾವುದೆಂದು ಆಶಾ ಕಾರ್ಯಕರ್ತೆಯರನ್ನು ಕೇಳಿ. ಒಂದರಿಂದ ಎರಡು ವರ್ಷದ ಮಗುವಿಗೆ ಅರ್ಧ ಮಾತ್ರೆ, ಅಂದರೆ 200 ಮಿಲಿಗ್ರಾಂ. ಮೇಲ್ಪಟ್ಟವರಿಗೆ 400 ಮಿಲಿಗ್ರಾಂ. ಚಿಕ್ಕವರಿಗೆ ಪುಡಿಮಾಡಿ ನೀರಿನಲ್ಲಿ ಕಲಸಿ ಕೊಡಿ, ದೊಡ್ಡವರು ಅಗಿದು ನುಂಗಲಿ. ಅಂದು ಜ್ವರವಿದ್ದರೆ ಮುಂದೂಡಿ. ಮಗು ಉಬ್ಬಸಕ್ಕೆ ನಿತ್ಯ ಔಷಧಿ ತೆಗೆದುಕೊಳ್ಳುತ್ತಿದ್ದರೆ ಅಥವಾ ಹಿಂದೆ ಫಿಟ್ಸ್ ಬಂದಿದ್ದರೆ ವೈದ್ಯರನ್ನು ಮುಂಚೆಯೇ ವಿಚಾರಿಸಿ, ಇನ್‌ಹೇಲರನ್ನಂತೂ ನಿಲ್ಲಿಸಬೇಡಿ. ಕೊಡಗಿನಲ್ಲಿ ಕಕ್ಕಡ ತಿಂಗಳ ಹದಿನೆಂಟರಂದು ಮಾಡುವ ಮದ್ದುಸೊಪ್ಪಿನ ಪಾಯಸವನ್ನು ಸಂತೋಷದಿಂದ ಉಣ್ಣೋಣ, ಆದರೆ ಅದು ಈ ಮಾತ್ರೆಗೆ ಬದಲಿಯಲ್ಲ.

ಮಾತ್ರೆ ಒಳಗಿನ ಹುಳುವನ್ನು ಕೊಲ್ಲುತ್ತದೆ, ಮತ್ತೆ ಬರುವುದನ್ನು ತಡೆಯದು. ಬಯಲಿನಲ್ಲಿ ಬಿದ್ದ ಮಲದಲ್ಲಿರುವ ಕೊಕ್ಕೆಹುಳುವಿನ ಮೊಟ್ಟೆಗೆ ಕಾಫಿ ತೋಟದ ನೆರಳು, ತೇವ, ತರಗೆಲೆ ಹಾಸಿದ ಸಡಿಲ ಮಣ್ಣು ಹೇಳಿಮಾಡಿಸಿದ ಜಾಗ. ಒಂದೆರಡು ದಿನದಲ್ಲಿ ಮರಿ ಹೊರಬಂದು, ಐದರಿಂದ ಹತ್ತು ದಿನದೊಳಗೆ ಬರಿಗಾಲಿನ ಚರ್ಮವನ್ನು ಕೊರೆದು ಒಳಹೋಗುವಷ್ಟು ಬಲಿಯುತ್ತದೆ. ತೋಟದಿಂದ ಬಂದೊಡನೆ ಕಾಲಿನಲ್ಲಿ ಜಿಗಣೆ ಹುಡುಕುತ್ತೇವೆ. ಈ ಮರಿ ಕಣ್ಣಿಗೆ ಬೀಳುವುದಿಲ್ಲ, ಬೆರಳ ಸಂದಿಯಲ್ಲಿ ತುರಿಕೆಯಷ್ಟೇ ಕಾಣಿಸಬಹುದು. ಹಣ್ಣು ಕೊಯ್ಯುವ ತಾಯಿಯೊಂದಿಗೆ ಬರುವ ಮಗುವಿಗೂ ಮುಚ್ಚಿದ ಚಪ್ಪಲಿ ಬೇಕು, ತೋಟದ ಕಾರ್ಮಿಕರು ವಾಸಿಸುವ ಲೈನ್ ಮನೆಗಳಿಗೆ ನೀರಿರುವ ಶೌಚಾಲಯ ಬೇಕು. ಇದನ್ನು ಒದಗಿಸುವುದು ತೋಟದ ಮಾಲೀಕರ ಹೊಣೆ. ದುಂಡುಹುಳುವಿನ ಮೊಟ್ಟೆ ಬಾಯಿಯಿಂದ ಹೋಗುವುದರಿಂದ ಸೊಪ್ಪನ್ನು ಚೆನ್ನಾಗಿ ತೊಳೆಯಿರಿ, ಊಟಕ್ಕೆ ಮುಂಚೆ ಸೋಪಿನಿಂದ ಕೈ ತೊಳೆಸಿ.

ದುಂಡುಹುಳುವಿನ ಮರಿಗಳು ಶ್ವಾಸಕೋಶದ ಮೂಲಕ ಹಾಯುವಾಗಲೂ ಕೆಮ್ಮು, ಉಬ್ಬಸ ಬರಬಹುದು; ಮಗು ಮಣ್ಣಿನಲ್ಲಿ ಆಡುವುದನ್ನು ವೈದ್ಯರಿಗೆ ತಿಳಿಸಿ. ಮಾತ್ರೆಯ ನಂತರವೂ ಉಬ್ಬಸ ಉಳಿದರೆ ಮಳೆಗಾಲದ ತೇವದ ಕಂಬಳಿ, ಗೋಡೆಯ ಬೂಷ್ಟು, ಬಟ್ಟೆ ಒಣಗಿಸುವ ಒಲೆಯ ಹೊಗೆಯ ಕಡೆ ಗಮನ ಕೊಡಿ. ಉಸಿರಾಡುವಾಗ ಪಕ್ಕೆಲುಬಿನ ಸಂದು ಒಳಸೇದುತ್ತಿದ್ದರೆ ಬೆಳಗಾಗುವವರೆಗೆ ಕಾಯದೆ ಆಸ್ಪತ್ರೆಗೆ ಕರೆದೊಯ್ಯಿರಿ.