ಮಳೆ, ಕೆಸರು, ಕತ್ತಲು: ಕಾಡುದಾರಿಯ ದೂರದ ಓಟಕ್ಕೆ ಸಾಮಾನು ಆರಿಸುವುದು ಹೇಗೆ, ಪರೀಕ್ಷಿಸುವುದು ಹೇಗೆ?

ಅಂಗಡಿಯ ನೆಲ ಒಣಗಿರುತ್ತದೆ, ಸಮತಟ್ಟಾಗಿರುತ್ತದೆ, ತಲೆಯ ಮೇಲೆ ಫ್ಯಾನು ತಿರುಗುತ್ತಿರುತ್ತದೆ. ಅಲ್ಲಿ ಹಾಕಿ ನೋಡಿದ ಯಾವ ಶೂ ತಾನೇ ಕಾಲಿಗೆ ಹಿತವೆನಿಸುವುದಿಲ್ಲ? ಕಾಡುದಾರಿಯಲ್ಲಿ ಓಡಿ ಆರು ತಾಸು ಕಳೆದು, ಪಾದ ಊದಿ, ಕಾಲುಚೀಲ ತೊಯ್ದು, ಬೆನ್ನ ಮೇಲೆ ಎರಡು ಕಿಲೋ ಹೊರೆ ಇರುವಾಗ ಅದೇ ಶೂ ತನ್ನ ನಿಜಬಣ್ಣ ತೋರಿಸುತ್ತದೆ. ಟ್ರೇಲ್ ಓಟದ ಸಾಮಾನಿನ ಮಟ್ಟಿಗೆ ಕೊಳ್ಳುವುದು ಸುಲಭದ ಭಾಗ. ಒದ್ದೆಯಲ್ಲಿ, ಹೊರೆಯೊಂದಿಗೆ, ಕತ್ತಲಲ್ಲಿ, ದಣಿದಾಗ ಬಳಸಿ ನೋಡದ ಯಾವ ವಸ್ತುವೂ ಓಟದ ದಿನ ಮೈಮೇಲೆ ಇರಬಾರದು.

ಮ್ಯಾರಥಾನ್‌ನ 42.195 ಕಿಲೋಮೀಟರ್ ದಾಟಿದ್ದೆಲ್ಲ ಅಲ್ಟ್ರಾ. ಚಿಕ್ಕಮಗಳೂರಿನ ಕಾಫಿ ತೋಟಗಳ ನಡುವೆ ನಡೆಯುವ ಮಲ್ನಾಡ್ ಅಲ್ಟ್ರಾದಿಂದಾಗಿ ಈ ಹುಚ್ಚು ನಮ್ಮಲ್ಲಿಯೂ ಅನೇಕರಿಗೆ ಹತ್ತಿದೆ. ಇಲ್ಲಿ ಹೇಳುತ್ತಿರುವುದು ಪಶ್ಚಿಮಘಟ್ಟದ ಓಟಕ್ಕೆ, ಅಂದರೆ ಮಳೆಗಾಲದ ಬಾಲ ಇನ್ನೂ ಮುಗಿಯದ ಹೊತ್ತಿನ ಕೆಂಪು ಮಣ್ಣಿಗೆ, ಪಾಚಿಗಟ್ಟಿದ ಕಲ್ಲಿಗೆ, ಮಂಜಿಗೆ ಅನ್ವಯಿಸುವ ಮಾತು. ಲಡಾಖಿನ ಒಣ ಚಳಿಯಲ್ಲಿ ಓಡುವವರ ಪಟ್ಟಿ ಬೇರೆಯೇ ಆಗುತ್ತದೆ.

ಹಣ ಖರ್ಚು ಮಾಡುವ ಕ್ರಮವನ್ನೂ ಮೊದಲೇ ಹೇಳಿಬಿಡುತ್ತೇನೆ. ಮೈಗೆ ತಾಗುವ ಶೂ, ಕಾಲುಚೀಲ, ನೀರು-ಸಾಮಾನು ಹೊರುವ ವೆಸ್ಟ್ ಮೊದಲು. ಪ್ರಾಣ ಕಾಯುವ ಮಳೆ ಜಾಕೆಟ್ ಮತ್ತು ಬೆಳಕು ಆಮೇಲೆ. ಕೈಗಡಿಯಾರ ಕಟ್ಟಕಡೆಗೆ. ಜನ ಸಾಮಾನ್ಯವಾಗಿ ಇದನ್ನು ಬುಡಮೇಲು ಮಾಡಿ, ದುಬಾರಿ ಗಡಿಯಾರ ಕೊಂಡು ಜಾಕೆಟ್ಟಿಗೆ ಚೌಕಾಸಿ ಮಾಡುತ್ತಾರೆ.

ಮೊದಲು ದಾರಿಯನ್ನು ಓದಿ

ಅಂಗಡಿಗೆ ಹೋಗುವ ಮುನ್ನ ಓಟದ ನಿಯಮಪುಸ್ತಿಕೆ ತೆರೆಯಿರಿ. ಒಟ್ಟು ಏರು ಎಷ್ಟು ಮೀಟರ್, ಕಡ್ಡಾಯ ಸಾಮಾನುಗಳು ಯಾವುವು, ಕತ್ತಲಲ್ಲಿ ಓಡಬೇಕಾದ ಹೊತ್ತು ಎಷ್ಟು ಎಂಬುದನ್ನು ಬರೆದುಕೊಳ್ಳಿ. ನೀರು, ಊಟ ಸಿಗುವ ಎರಡು ನಿಲ್ದಾಣಗಳ ನಡುವಿನ ಅಂತರವನ್ನು ಕಿಲೋಮೀಟರಿನಲ್ಲಿ ಅಲ್ಲ, ಗಂಟೆಯಲ್ಲಿ ಲೆಕ್ಕ ಹಾಕಿ. ರಸ್ತೆಯಲ್ಲಿ ಒಂದು ಗಂಟೆಯಲ್ಲಿ ಮುಗಿಯುವ ಹತ್ತು ಕಿಲೋಮೀಟರ್ ಘಟ್ಟದ ಏರಿನಲ್ಲಿ ಎರಡು ಗಂಟೆ ನುಂಗಬಹುದು. ಎಷ್ಟು ನೀರು ಹೊರಬೇಕು, ಎಂಥ ಚೀಲ ಬೇಕು ಎಂಬುದೆಲ್ಲ ಈ ಒಂದು ಲೆಕ್ಕದಿಂದ ಹೊರಡುತ್ತದೆ.

ಶೂ: ಹಲ್ಲು, ಅಳತೆ, ಇಳಿಜಾರು

ಟ್ರೇಲ್ ಶೂವನ್ನು ತಿರುಗಿಸಿ ಅಟ್ಟೆ ನೋಡಿ. ರಬ್ಬರಿನ ಹಲ್ಲುಗಳು ಮೂರರಿಂದ ನಾಲ್ಕು ಮಿಲಿಮೀಟರ್ ಇದ್ದರೆ ತೋಟದ ಜೀಪುದಾರಿಗೆ, ಗಟ್ಟಿ ನೆಲಕ್ಕೆ ಸಾಕು. ಕೆಸರು ಹೆಚ್ಚಿದ್ದರೆ ಐದು ಮಿಲಿಮೀಟರ್ ಇಲ್ಲವೇ ಅದಕ್ಕಿಂತ ಆಳದ ಹಲ್ಲು ಬೇಕು. ಆಳದಷ್ಟೇ ಮುಖ್ಯವಾದದ್ದು ಹಲ್ಲುಗಳ ನಡುವಿನ ಜಾಗ. ಒತ್ತೊತ್ತಾಗಿದ್ದರೆ ಜಿಗುಟು ಮಣ್ಣು ಮೆತ್ತಿಕೊಂಡು ಉದುರುವುದೇ ಇಲ್ಲ. ನಾಲ್ಕು ಹೆಜ್ಜೆಗೆ ಅಟ್ಟೆ ನುಣುಪಾದ ಮಣ್ಣಿನ ಹಲಗೆಯಾಗುತ್ತದೆ. ಆದರೆ ಪಾಚಿಗಟ್ಟಿದ ಒದ್ದೆ ಕಲ್ಲಿನ ಮೇಲೆ ಹಲ್ಲು ಎಷ್ಟು ಆಳವಿದ್ದರೂ ಪ್ರಯೋಜನವಿಲ್ಲ. ಅಲ್ಲಿ ಹಿಡಿತ ಕೊಡುವುದು ರಬ್ಬರಿನ ಮೃದುತ್ವ. ಅಂಥ ಮೆತ್ತನೆಯ ರಬ್ಬರು ಬೇಗ ಸವೆಯುತ್ತದೆ, ಆದ್ದರಿಂದ ಆ ಶೂವನ್ನು ದಿನನಿತ್ಯ ಡಾಂಬರು ರಸ್ತೆಯಲ್ಲಿ ತೇಯಬೇಡಿ.

ಅಳತೆ ನೋಡಲು ಸಂಜೆ ಹೋಗಿ. ದಿನವಿಡೀ ಓಡಾಡಿದ ಪಾದ ಬೆಳಗಿನದಕ್ಕಿಂತ ತುಸು ದೊಡ್ಡದಾಗಿರುತ್ತದೆ. ದೂರದ ಓಟದಲ್ಲಿ ಇನ್ನಷ್ಟು ಊದುತ್ತದೆ. ನೀವು ಓಡುವಾಗ ಹಾಕುವ ಕಾಲುಚೀಲವನ್ನೇ ತೆಗೆದುಕೊಂಡು ಹೋಗಿ. ಶೂ ಒಳಗಿನ ಮೆತ್ತೆಯನ್ನು ಹೊರತೆಗೆದು ನೆಲದ ಮೇಲಿಟ್ಟು ಅದರ ಮೇಲೆ ನಿಂತುಕೊಳ್ಳಿ. ಕಿರುಬೆರಳು ಅಂಚಿನಿಂದ ಆಚೆ ಚಾಚಿದರೆ ಆ ಶೂ ನಿಮ್ಮದಲ್ಲ, ರಿಯಾಯಿತಿ ಎಷ್ಟೇ ಇರಲಿ. ಉದ್ದನೆಯ ಬೆರಳಿನ ಮುಂದೆ ಕೈ ಹೆಬ್ಬೆರಳಿನ ಅಗಲದಷ್ಟು ಜಾಗ ಉಳಿಯಬೇಕು. ಸಾಮಾನ್ಯವಾಗಿ ಇದಕ್ಕೆ ಅರ್ಧ ಅಥವಾ ಒಂದು ಸೈಜು ದೊಡ್ಡದು ಬೇಕಾಗುತ್ತದೆ.

ಇನ್ನು ಅಂಗಡಿಯವರು ಮುಖ ನೋಡಿದರೂ ಬಿಡದೆ ಮಾಡಬೇಕಾದ ಕೆಲಸ: ಹತ್ತಿರದ ಮೆಟ್ಟಿಲನ್ನು ಜೋರಾಗಿ ಇಳಿಯಿರಿ. ಉಗುರು ಕಪ್ಪಾಗುವುದು ಏರಿನಲ್ಲಲ್ಲ, ಇಳಿಜಾರಿನಲ್ಲಿ. ಪ್ರತಿ ಹೆಜ್ಜೆಗೂ ಪಾದ ಮುಂದೆ ಜಾರಿ ಬೆರಳು ಶೂವಿನ ಮೂತಿಗೆ ಬಡಿಯುತ್ತದೆ. ಇಳಿಯುವಾಗ ಬೆರಳು ತಾಗಿದರೆ ಮೊದಲು ಲೇಸು ಕಟ್ಟುವ ಕ್ರಮ ಬದಲಿಸಿ. ಶೂವಿನ ಮೇಲ್ತುದಿಯಲ್ಲಿ ಸಾಲಿನಿಂದ ತುಸು ಹಿಂದಕ್ಕೆ ಸರಿದ ಒಂದು ಹೆಚ್ಚಿನ ತೂತು ಇರುತ್ತದೆ, ಅನೇಕರು ಅದನ್ನು ಮುಟ್ಟಿಯೇ ಇರುವುದಿಲ್ಲ. ಲೇಸನ್ನು ಅದೇ ಬದಿಯಲ್ಲಿ ಆ ತೂತಿಗೆ ಪೋಣಿಸಿದರೆ ಸಣ್ಣ ಕುಣಿಕೆ ಉಳಿಯುತ್ತದೆ. ಎರಡೂ ಬದಿಗೆ ಹೀಗೆ ಮಾಡಿ, ಬಲತುದಿಯನ್ನು ಎಡಕುಣಿಕೆಯೊಳಗೆ, ಎಡತುದಿಯನ್ನು ಬಲಕುಣಿಕೆಯೊಳಗೆ ತೂರಿಸಿ ಕೆಳಕ್ಕೆಳೆದು ಗಂಟು ಹಾಕಿ. ಹಿಮ್ಮಡಿ ಹಿಂದೆ ಕಚ್ಚಿ ಕೂರುತ್ತದೆ. ಹೀಗೆ ಕಟ್ಟಿದ ಮೇಲೂ ಬೆರಳು ಬಡಿದರೆ ಬೇರೆ ಶೂ ನೋಡಿ.

ಹಿಮ್ಮಡಿಗೂ ಮುಂಗಾಲಿಗೂ ಇರುವ ಎತ್ತರದ ವ್ಯತ್ಯಾಸಕ್ಕೆ ಡ್ರಾಪ್ ಎನ್ನುತ್ತಾರೆ. ಹತ್ತು ಮಿಲಿಮೀಟರ್ ಡ್ರಾಪ್‌ಗೆ ಒಗ್ಗಿದವರು ಒಮ್ಮೆಲೇ ಸೊನ್ನೆಗೆ ಇಳಿದರೆ ಮೀನಖಂಡ ಮತ್ತು ಹಿಮ್ಮಡಿಯ ಹಿಂದಿನ ರಜ್ಜು ಪ್ರತಿಭಟಿಸುತ್ತವೆ. ಬದಲಾವಣೆಗೆ ತಿಂಗಳುಗಟ್ಟಲೆ ಸಮಯ ಕೊಡಿ. ಜಲನಿರೋಧಕ ಶೂಗಳಿಗೆ ನಮ್ಮ ಘಟ್ಟದಲ್ಲಿ ನನ್ನ ಮತವಿಲ್ಲ. ಹಳ್ಳ ದಾಟುವಾಗ ನೀರು ನುಗ್ಗುವುದು ಮೇಲಿನಿಂದ. ಒಳಗೆ ಹೋದ ನೀರು ಹೊರಬರಲು ದಾರಿಯಿರುವುದಿಲ್ಲ. ಜಾಲರಿಯಂಥ ತೆಳುಬಟ್ಟೆಯ ಶೂ ತೊಯ್ದರೂ ಕೆಲವು ನಿಮಿಷಗಳ ಓಟದಲ್ಲಿ ನೀರನ್ನು ಉಗುಳಿಬಿಡುತ್ತದೆ.

ಪರೀಕ್ಷೆ ಮೂರು ಹಂತದ್ದು. ಮೊದಲು ಒಣನೆಲದಲ್ಲಿ ಒಂದು ಗಂಟೆಯೊಳಗಿನ ಓಟ. ಆಮೇಲೆ ಶೂವನ್ನು ಬಕೆಟ್ಟಿನಲ್ಲಿ ಪೂರ್ತಿ ಅದ್ದಿ, ಹಾಕಿಕೊಂಡು ಎರಡು ಗಂಟೆ ಓಡಿ. ತರಚುವ ಜಾಗಗಳೆಲ್ಲ ಆಗ ಬಯಲಾಗುತ್ತವೆ. ಮೂರನೆಯದು ಉದ್ದನೆಯ ಇಳಿಜಾರು. ಬೆಂಗಳೂರಿನವರು ಸಾವನದುರ್ಗದ ಬಂಡೆಯ ಮೇಲೆ ಓಡಿ ‘ಹಿಡಿತ ಅದ್ಭುತ’ ಎಂದು ತೀರ್ಪು ಕೊಡುವುದುಂಟು. ಒಣಗಿದ ಒರಟು ಗ್ರಾನೈಟಿನ ಮೇಲೆ ಹಳೆಯ ಕ್ಯಾನ್ವಾಸ್ ಶೂ ಕೂಡ ಜಾರುವುದಿಲ್ಲ. ಮಳೆ ಬಂದ ಮರುದಿನ ಮರದ ನೆರಳಿನ ಕಲ್ಲಿನ ಮೇಲೆ ನೋಡಿ, ಅದೂ ನಡೆದು.

ಕಾಲುಚೀಲ ಮತ್ತು ಇಂಬಳ

ಹತ್ತಿಯ ಕಾಲುಚೀಲ ಬೇಡ. ಅದು ನೀರನ್ನು ಹಿಡಿದಿಟ್ಟುಕೊಂಡು ಚರ್ಮವನ್ನು ಮೆತ್ತಗೆ ಮಾಡುತ್ತದೆ, ಮೆತ್ತಗಾದ ಚರ್ಮದಲ್ಲಿ ಬೊಬ್ಬೆ ಬೇಗ ಏಳುತ್ತದೆ. ಸಿಂಥೆಟಿಕ್ ಇಲ್ಲವೇ ತೆಳು ಮೆರಿನೊ ಉಣ್ಣೆಯದು ಒಳ್ಳೆಯದು. ಮಲೆನಾಡಿನ ರೈತರು ಕಂಬಳಿಕೊಪ್ಪೆ ಹೊದ್ದು ಮಳೆಯಲ್ಲಿ ಗದ್ದೆಗೆ ಇಳಿಯುತ್ತಿದ್ದುದರ ಹಿಂದಿನ ಗುಟ್ಟೂ ಇದೇ, ಉಣ್ಣೆ ತೊಯ್ದರೂ ಬೆಚ್ಚಗಿರುತ್ತದೆ. ಬೆರಳುಗಳ ನಡುವೆ ಬೊಬ್ಬೆ ಏಳುವವರಿಗೆ ಐದು ಬೆರಳಿನ ಕಾಲುಚೀಲ ವರದಾನ. ಆದರೆ ಅದಕ್ಕೆ ಶೂವಿನ ಮೂತಿ ಅಗಲವಿರಬೇಕು. ಹಾಕುವ ಮುನ್ನ ಪಾದಕ್ಕೆ ವ್ಯಾಸಲೀನ್ ಸವರಿ.

ಇಂಬಳಕ್ಕೆ, ಅಂದರೆ ಕಾಡಿನ ಜಿಗಣೆಗೆ, ಮೊಣಕಾಲುದ್ದದ ಒತ್ತುನೇಯ್ಗೆಯ ಚೀಲಗಳು ಚಾರಣಿಗರಿಗೆ ಸರಿ, ಓಟಗಾರರಿಗೆ ಸೆಕೆ. ಬೇವಿನೆಣ್ಣೆ, ಹೊಗೆಸೊಪ್ಪು, ಸುಣ್ಣ ಎಲ್ಲವೂ ಮೊದಲ ಹಳ್ಳದವರೆಗೆ ಮಾತ್ರ. ಓಡುತ್ತಿರುವವರಿಗೆ ಇಂಬಳ ಹತ್ತುವುದು ಕಡಿಮೆ, ಲೇಸು ಕಟ್ಟಲು ಹುಲ್ಲಿನಲ್ಲಿ ನಿಂತಾಗ ಹತ್ತುತ್ತದೆ. ಹತ್ತಿದರೆ ಉಗುರನ್ನು ಅದರ ಬಾಯಿಯ ಬುಡಕ್ಕೆ ಜಾರಿಸಿ ಬಿಡಿಸಿ. ಅದರ ಎಂಜಲಿನಲ್ಲಿ ರಕ್ತ ಹೆಪ್ಪುಗಟ್ಟದಂತೆ ತಡೆಯುವ ಹಿರುಡಿನ್ ಎಂಬ ವಸ್ತು ಇರುವುದರಿಂದ ಸ್ವಲ್ಪ ಹೊತ್ತು ಒಸರುತ್ತದೆ, ಗಾಬರಿ ಬೇಡ.

ವೆಸ್ಟ್ ಮತ್ತು ನೀರಿನ ಲೆಕ್ಕ

ಬೆನ್ನುಚೀಲವಲ್ಲ, ಮೈಗೆ ಅಂಟಿಕೊಳ್ಳುವ ವೆಸ್ಟ್ ಬೇಕು. 50 ಕಿಲೋಮೀಟರಿಗೆ ಐದರಿಂದ ಎಂಟು ಲೀಟರ್ ಗಾತ್ರದ್ದು ಸಾಕು. ರಾತ್ರಿಯೂ ಓಡುವುದಿದ್ದರೆ ಹತ್ತು-ಹನ್ನೆರಡು. ದೊಡ್ಡದು ಕೊಂಡರೆ ದೊಡ್ಡದನ್ನೇ ತುಂಬುತ್ತೀರಿ. ಎದೆಯ ಜೇಬಿನಲ್ಲಿ ಅರ್ಧ ಲೀಟರಿನ ಎರಡು ಮೆದು ಬಾಟಲಿ ಇರಲಿ. ನೀರು ತುಂಬಿಸಿದ ಮೇಲೆ ಬಾಟಲಿಯನ್ನು ತಲೆಕೆಳಗು ಮಾಡಿ, ಒಳಗಿನ ಗಾಳಿಯನ್ನು ಬಾಯಿಂದ ಹೀರಿ ತೆಗೆಯಿರಿ. ಗಾಳಿ ಇಲ್ಲದಿದ್ದರೆ ಎದೆಯ ಮೇಲಿನ ‘ಗುಳಕ್ ಗುಳಕ್’ ನಿಲ್ಲುತ್ತದೆ. ಕೇಳಲು ಸಣ್ಣ ಸಂಗತಿ, ಹತ್ತು ತಾಸು ಆ ಸದ್ದನ್ನು ಕೇಳಿದವರಿಗೆ ಗೊತ್ತು.

ಖಾಲಿ ವೆಸ್ಟ್ ಹಾಕಿ ಓಡಿದರೆ ಪರೀಕ್ಷೆ ಆಗಲಿಲ್ಲ. ಓಟದ ದಿನದ ಅಷ್ಟೂ ಸಾಮಾನು ತುಂಬಿ ಮೂರು ಗಂಟೆ ಓಡಿ, ಬಂದು ಸ್ನಾನಕ್ಕೆ ನಿಲ್ಲಿ. ಉಪ್ಪು ಬೆವರು ಸೋಕಿದ ತರಚು ಬಿಸಿನೀರು ಬಿದ್ದ ಕೂಡಲೇ ಉರಿಯುತ್ತದೆ. ಕುತ್ತಿಗೆಯ ಬುಡ, ಕಂಕುಳು, ಪಕ್ಕೆಲುಬಿನ ಹೊಲಿಗೆ ತಾಗುವ ಜಾಗ, ಗಂಡಸರಿಗೆ ಮೊಲೆತೊಟ್ಟು, ಹೆಂಗಸರಿಗೆ ಒಳಉಡುಪಿನ ಪಟ್ಟಿ. ಉರಿದಲ್ಲೆಲ್ಲ ಮುಂದಿನ ಸಲ ವ್ಯಾಸಲೀನ್ ಅಥವಾ ಟೇಪು.

ನೀರು ಎಷ್ಟು ಬೇಕೆಂಬುದಕ್ಕೆ ತೂಕದ ಯಂತ್ರವೊಂದು ಸಾಕು. ಓಟಕ್ಕೆ ಮುನ್ನ ಬರಿಮೈಯಲ್ಲಿ ತೂಗಿಕೊಳ್ಳಿ, ಒಂದು ಗಂಟೆ ಓಡಿ ಬಂದು ಬೆವರು ಒರೆಸಿ ಮತ್ತೆ ತೂಗಿಕೊಳ್ಳಿ. 62 ಕಿಲೋ ಇದ್ದದ್ದು 61.2 ಆಗಿ, ನಡುವೆ 400 ಮಿಲಿಲೀಟರ್ ಕುಡಿದಿದ್ದರೆ ನೀವು ಬೆವರಿದ್ದು ಸುಮಾರು 1.2 ಲೀಟರ್. ಅಷ್ಟನ್ನೂ ಕುಡಿದು ತುಂಬಿಸಲು ಹೋಗಬೇಡಿ. ಓಟದ ಕೊನೆಗೆ ತೂಕ ಹೆಚ್ಚಾಗಿದ್ದರೆ ಅತಿಯಾಗಿ ಕುಡಿದಿದ್ದೀರಿ ಎಂದರ್ಥ. ಹೀಗೆ ನೀರು ಅತಿಯಾಗಿ ರಕ್ತದ ಸೋಡಿಯಂ ಕುಸಿದರೆ ಅದು ಬಾಯಾರಿಕೆಗಿಂತ ಅಪಾಯಕಾರಿ. ಒಂದು ಬಾಟಲಿಯಲ್ಲಿ ಬರೀ ನೀರು, ಇನ್ನೊಂದರಲ್ಲಿ ಓಆರ್‌ಎಸ್ ಇರಲಿ. ಒಂದು ಲೀಟರಿನ ಪೊಟ್ಟಣವನ್ನು ಅರ್ಧ ಲೀಟರಿಗೆ ಸುರಿಯಬೇಡಿ, ಅರ್ಧವನ್ನೇ ಹಾಕಿ.

ಜಾಕೆಟ್: ಹೊರೆಯೆಂದು ಬಿಡುವ ವಸ್ತುವಲ್ಲ

2021ರ ಮೇ 22ರಂದು ಚೀನಾದ ಗಾನ್ಸು ಪ್ರಾಂತ್ಯದಲ್ಲಿ ನಡೆದ 100 ಕಿಲೋಮೀಟರ್ ಓಟದಲ್ಲಿ 21 ಓಟಗಾರರು ಸತ್ತರು. ಮಧ್ಯಾಹ್ನದ ಹೊತ್ತಿಗೆ ಬೆಟ್ಟದ ಮೇಲೆ ಆಲಿಕಲ್ಲು, ಹೆಪ್ಪುಗಟ್ಟಿಸುವ ಮಳೆ, ಬಿರುಗಾಳಿ. ಅನೇಕರು ಟೀಶರ್ಟು, ಚಡ್ಡಿಯಲ್ಲಿದ್ದರು. ಗಾಳಿ ತಡೆಯುವ ಜಾಕೆಟ್ ಆ ಓಟದ ಕಡ್ಡಾಯ ಪಟ್ಟಿಯಲ್ಲಿ ಇರಲಿಲ್ಲ. ಕುರಿ ಮೇಯಿಸುತ್ತಿದ್ದ ಸ್ಥಳೀಯನೊಬ್ಬ ಆರು ಜನರನ್ನು ತಾನು ತಂಗಿದ್ದ ಗುಹೆಗೆ ಕರೆತಂದು ಉಳಿಸಿದ. ನಮ್ಮ ಘಟ್ಟದಲ್ಲಿ ಅಂಥ ಚಳಿ ಇಲ್ಲ, ನಿಜ. ಆದರೆ ಸುಮಾರು 1,930 ಮೀಟರ್ ಎತ್ತರದ ಮುಳ್ಳಯ್ಯನಗಿರಿಯಂಥ ಬೋಳು ಶಿಖರದಲ್ಲಿ ತೊಯ್ದ ಬಟ್ಟೆ, ಬೀಸುಗಾಳಿ, ಬರಿದಾದ ಹೊಟ್ಟೆ ಮೂರೂ ಸೇರಿದರೆ ಹಲ್ಲು ಕಟಕಟಿಸಲು ಹಿಮವೇ ಬೀಳಬೇಕಾಗಿಲ್ಲ.

ಟೋಪಿ ಇರುವ, ಹೊಲಿಗೆಗಳಿಗೆ ಒಳಗಿನಿಂದ ಪಟ್ಟಿ ಅಂಟಿಸಿರುವ, ಕನಿಷ್ಠ 10,000 ಮಿಲಿಮೀಟರ್ ಎತ್ತರದ ನೀರಿನ ಕಂಬದ ಒತ್ತಡ ತಾಳುವ ಜಾಕೆಟ್ ಆರಿಸಿ. ಮಾಂ ಬ್ಲಾಂ ಪರ್ವತ ಸುತ್ತುವ ಯುಟಿಎಂಬಿ ಓಟದವರು ಸೂಚಿಸುವುದೂ ಈ ಮಟ್ಟವನ್ನೇ. ಪರೀಕ್ಷೆ ಬಚ್ಚಲುಮನೆಯಲ್ಲೇ ಆಗಲಿ. ತಿಳಿಬಣ್ಣದ ಹತ್ತಿ ಬನಿಯನ್ ಮೇಲೆ ಜಾಕೆಟ್ ತೊಟ್ಟು, ವೆಸ್ಟನ್ನೂ ಹಾಕಿಕೊಂಡು, ಹತ್ತು ನಿಮಿಷ ಶವರಿನಡಿ ನಿಲ್ಲಿ. ವೆಸ್ಟ್ ಒತ್ತುವ ಭುಜದಲ್ಲಿ, ಜಿಪ್ಪಿನ ಉದ್ದಕ್ಕೆ ಒದ್ದೆಯ ಕಲೆ ಮೂಡಿದೆಯೇ ನೋಡಿ. ಬೆಚ್ಚನೆಯ ಮಳೆಯಲ್ಲಿ ಓಡುತ್ತಿರುವಾಗ ಜಾಕೆಟ್ ಬೇಡ, ಒಳಗೆ ಬೆವರೇ ಮಳೆಯಾಗುತ್ತದೆ. ವೇಗ ಇಳಿದು ನಡೆಯತೊಡಗಿದಾಗ, ನಡುಕ ಬರುವ ಮುನ್ನ ಹಾಕಿಕೊಳ್ಳಿ. ಬೆಳ್ಳಿಹಾಳೆಯಂಥ ತುರ್ತು ಹೊದಿಕೆ ಮತ್ತು ಒಂದು ಸೀಟಿ ಇದೇ ಜೇಬಿನಲ್ಲಿರಲಿ.

ಕತ್ತಲು ಮತ್ತು ಮಂಜು

ಹೆಡ್‌ಲ್ಯಾಂಪಿನ ಡಬ್ಬದ ಮೇಲಿನ ಲುಮೆನ್ (ಬೆಳಕಿನ ಅಳತೆ) ಸಂಖ್ಯೆ ಗರಿಷ್ಠ ಬೆಳಕಿನದು. ಬ್ಯಾಟರಿಯ ಗಂಟೆಗಳು ಹೆಚ್ಚಾಗಿ ಕನಿಷ್ಠ ಬೆಳಕಿನವು. ಎರಡೂ ಒಟ್ಟಿಗೆ ಸಿಗುವುದಿಲ್ಲ. ಪೂರ್ತಿ ಚಾರ್ಜ್ ಮಾಡಿ, ನೀವು ಬಳಸುವ ಮಟ್ಟದಲ್ಲಿಟ್ಟು ಕೋಣೆಯಲ್ಲಿ ಉರಿಯಲು ಬಿಡಿ, ಮಂಕಾಗುವ ಹೊತ್ತನ್ನು ಗುರುತು ಹಾಕಿಕೊಳ್ಳಿ. ಓಡಲು 200ರಿಂದ 300 ಲುಮೆನ್ ಧಾರಾಳ. ಮಂಜು ಕವಿದಾಗ ಹಣೆಯ ಬೆಳಕು ಮಂಜಿಗೆ ಬಡಿದು ನೇರ ಕಣ್ಣಿಗೇ ವಾಪಸಾಗುತ್ತದೆ, ಎದುರಿಗೆ ಬಿಳಿಗೋಡೆ. ಆಗ ದೀಪ ಬಿಚ್ಚಿ ಸೊಂಟದ ಮಟ್ಟದಲ್ಲಿ ಹಿಡಿದರೆ ದಾರಿಯ ಕಲ್ಲು, ಬೇರುಗಳ ನೆರಳು ಎದ್ದು ಕಾಣುತ್ತದೆ. ಎರಡನೆಯ ಸಣ್ಣ ದೀಪ ಇರಲೇಬೇಕು. ಮೊದಲನೆಯದರ ಬ್ಯಾಟರಿ ಬದಲಿಸಲಾದರೂ ಬೆಳಕು ಬೇಡವೇ? ಕಣ್ಣುಮುಚ್ಚಿ ಬ್ಯಾಟರಿ ಬದಲಿಸುವುದನ್ನೂ ಅಭ್ಯಾಸ ಮಾಡಿ.

ರಾತ್ರಿಯ ಅಭ್ಯಾಸಕ್ಕೆ ಮೀಸಲು ಅರಣ್ಯ ಜಾಗವಲ್ಲ; ಅನುಮತಿಯೂ ಇರುವುದಿಲ್ಲ, ಆನೆಗಳಿಗೆ ನಿಮ್ಮ ತರಬೇತಿ ಗೊತ್ತಿರುವುದೂ ಇಲ್ಲ. ಊರ ಪಕ್ಕದ ಮಣ್ಣುರಸ್ತೆಯಲ್ಲಿ, ಜೊತೆಗೊಬ್ಬರನ್ನು ಕರೆದುಕೊಂಡು, ಕಿವಿಗೆ ಹಾಡು ಹಾಕಿಕೊಳ್ಳದೆ ಓಡಿ.

ಊರುಗೋಲು ಬೇಕಿದ್ದವರು ಅಭ್ಯಾಸದಲ್ಲೂ ಬಳಸಿರಬೇಕು. ಕಾರ್ಬನ್ ಹಗುರ, ಅಲ್ಯೂಮಿನಿಯಂ ಬಾಗಿದರೂ ಮುರಿಯುವುದು ಕಡಿಮೆ. ಗಡಿಯಾರ ಯಾವುದಾದರೂ ಸರಿ, ಓಟದ ಪೂರ್ತಿ ಅವಧಿ ಜಿಪಿಎಸ್ ನಡೆಸುವಷ್ಟು ಬ್ಯಾಟರಿ ಇರಲಿ, ದಾರಿಯ ನಕ್ಷೆ ಮೊಬೈಲಿನಲ್ಲಿ ಮೊದಲೇ ಇಳಿಸಿಟ್ಟಿರಲಿ.

ಪೂರ್ಣ ತಾಲೀಮು

ಓಟಕ್ಕೆ ಮೂರು-ನಾಲ್ಕು ವಾರ ಇರುವಾಗ, ಓಟದ ಅರ್ಧದಷ್ಟು ದೂರವನ್ನು ಓಟದ ದಿನದ ಉಡುಪಿನಲ್ಲೇ, ಅದೇ ಹೊತ್ತಿಗೆ ಎದ್ದು, ಅದೇ ಆಹಾರ ತಿಂದು ಓಡಿ. ಮರುದಿನ ದಣಿದ ಕಾಲಿನಲ್ಲಿ ಅದೇ ಶೂ ಹಾಕಿ ಇನ್ನೆರಡು ಗಂಟೆ. ಚಿಕ್ಕಿ ಒದ್ದೆ ಕೈಯಲ್ಲಿ ಪೊಟ್ಟಣದಿಂದ ಹೊರಬರುತ್ತದೆಯೇ, ನಡೆಯುತ್ತಲೇ ಜಾಕೆಟ್ ತೆಗೆದು ಹಾಕಿಕೊಳ್ಳಬಹುದೇ, ಮೊಬೈಲ್ ಜಿಪ್ ಕವರಿನೊಳಗೆ ಒಣಗಿ ಉಳಿಯಿತೇ ನೋಡಿ. ಏನಾದರೂ ಕೈಕೊಟ್ಟರೆ ಬದಲಿ ತಂದು ಅದನ್ನೂ ಒದ್ದೆ ಮಾಡಿ ಓಡಲು ಇನ್ನೂ ಸಮಯವಿರುತ್ತದೆ. ಆಮೇಲೆ ಪಟ್ಟಿಗೆ ಹೊಸದೇನೂ ಸೇರಬಾರದು, ಓಟದ ಹಿಂದಿನ ದಿನ ಮಳಿಗೆಯಲ್ಲಿ ಸಿಕ್ಕ ಚಂದದ ಟೀಶರ್ಟು ಕೂಡ.

ತಾಲೀಮು ಮುಗಿಸಿ ಬಂದ ಶೂವನ್ನು ಬಿಸಿಲಿಗೂ ಒಲೆಯ ಹತ್ತಿರಕ್ಕೂ ಇಡಬೇಡಿ, ಅಂಟು ಬಿಡುತ್ತದೆ. ಮಣ್ಣು ತೊಳೆದು, ಒಳಮೆತ್ತೆ ತೆಗೆದು, ಹಳೆಯ ಪತ್ರಿಕೆಯನ್ನು ಉಂಡೆಮಾಡಿ ತುರುಕಿ, ನೀರು ಹೀರಿದಾಗಲೆಲ್ಲ ಬದಲಿಸುತ್ತಾ ಗಾಳಿಯಾಡುವ ನೆರಳಿನಲ್ಲಿಡಿ. ಓದಿ ಮುಗಿಸಿದ್ದರೆ ಈ ಪುರವಣಿಯೂ ಆದೀತು.