ಡೀಸೆಲ್ಲೋ, ಪೆಟ್ರೋಲೋ? ಗೂಡ್ಸ್ ಗಾಡಿ ಕೊಳ್ಳುವ ಮುನ್ನ ಲೋಡು ನೋಡಿ

ಸಣ್ಣ ಗೂಡ್ಸ್ ಗಾಡಿ ತಗೊಂಡು ಬಾಡಿಗೆ ಓಡಿಸಬೇಕು ಎನ್ನುವವರು ಹುಬ್ಬಳ್ಳಿ-ಧಾರವಾಡ, ಗದಗ, ಹಾವೇರಿ ಕಡೆ ಬಹಳ ಮಂದಿ. ಶೋರೂಮಿಗೆ ಕಾಲಿಟ್ಟ ಕೂಡಲೇ ಅವರು ಕೇಳುವುದು, "ಅವರೇಜ್ ಎಷ್ಟು ಕೊಡುತ್ತೆ?" ಇದನ್ನು ಆಮೇಲೆ ಕೇಳಿದರೂ ನಡೆಯುತ್ತದೆ. ಏನು ಹೇರುತ್ತೀರಿ, ಯಾವ ದಾರಿಯಲ್ಲಿ ಓಡಿಸುತ್ತೀರಿ ಅನ್ನುವುದು ಮೊದಲು ಗೊತ್ತಾಗಬೇಕು.

2005ರಲ್ಲಿ ಟಾಟಾ ಏಸ್ ಬಂದದ್ದು ಡೀಸೆಲ್ ಎಂಜಿನ್ನಿನೊಂದಿಗೆ. ಗೂಡ್ಸ್ ಅಂದ್ರೆ ಡೀಸೆಲ್ಲೇ ಅನ್ನುವ ಮಾತು ಇನ್ನೂ ಹೋಗಿಲ್ಲ. ಆದರೆ 2020ರ ಏಪ್ರಿಲ್‌ನಲ್ಲಿ ಗಾಡಿಯ ಹೊಗೆಗೆ ಮಿತಿ ಹಾಕುವ ಬಿಎಸ್-6 ನಿಯಮ ಬಂದ ಮೇಲೆ ಲೆಕ್ಕ ಬದಲಾಗಿದೆ. ಮಾರುತಿ ಸೂಪರ್ ಕ್ಯಾರಿ ಡೀಸೆಲ್ಲನ್ನೇ ಕೈಬಿಟ್ಟಿತು. ಏಸ್ ಕೂಡ ಪೆಟ್ರೋಲಿನಲ್ಲಿ ಸಿಗುತ್ತದೆ.

ಮೊದಲು ಲೋಡು ಬರೆದಿಡಿ

ಒಂದು ವಾರ ಯಾವ ಸಾಮಾನು ಎಷ್ಟು ಹೇರಬೇಕಾಗುತ್ತದೆ, ಎಷ್ಟು ದೂರ ಎಂದು ಬರೆಯಿರಿ. ಕಣ್ಣಂದಾಜು ಬೇಡ. ಬ್ಯಾಡಗಿ ಮೆಣಸಿನಕಾಯಿ ಚೀಲ ಕ್ಯಾಬಿನ್ನಿಗಿಂತ ಎತ್ತರಕ್ಕೆ ಹೋಗುತ್ತವೆ, ಹಗ್ಗ ಬಿಗಿದರೆ ಗಾಡಿ ಬಿರಿಯುವಂತೆ ಕಾಣುತ್ತದೆ. ಆದರೂ ತೂಕ ಅಷ್ಟಿರುವುದಿಲ್ಲ. ಅದೇ ಗಾಡಿಗೆ ಸಿಮೆಂಟ್ ಹಾಕಿ. 20 ಚೀಲಕ್ಕೇ ಒಂದು ಟನ್ ಆಯಿತು, ಬಾಡಿ ಅರ್ಧವೂ ತುಂಬಿರುವುದಿಲ್ಲ.

ಪಾಸಿಂಗ್, ಅಂದರೆ ಹೇರಲು ಅನುಮತಿ ಇರುವ ತೂಕ, ಎಷ್ಟಿದೆ ಎಂದು ಆರ್‌ಸಿಯಲ್ಲೇ ನೋಡಿ. ಅದನ್ನು ಮೀರಿ ಹೇರಿದರೆ 20,000 ರೂಪಾಯಿ ದಂಡ, ಮೇಲಿಂದ ಹೆಚ್ಚುವರಿ ಟನ್ನಿಗೆ 2,000 ರೂಪಾಯಿ. ಬ್ರೇಕ್ ಹಿಡಿಯದೆ ಆಗುವ ಅನಾಹುತ ಇದಕ್ಕಿಂತ ದೊಡ್ಡದು.

ಎಚ್‌ಪಿ ಅಲ್ಲ, ಟಾರ್ಕ್ ನೋಡಿ

ಸೂಪರ್ ಕ್ಯಾರಿಯ 1.2 ಲೀಟರ್ ಪೆಟ್ರೋಲ್ ಎಂಜಿನ್ನಿಗೆ ಸುಮಾರು 80 ಎಚ್‌ಪಿ. ಟಾಟಾ ಇಂಟ್ರಾ ವಿ30ರ 1.5 ಲೀಟರ್ ಡೀಸೆಲ್ಲಿಗೆ 70. ಹಾಗಂತ ಪೆಟ್ರೋಲ್ ಗಾಡಿಯೇ ಗಟ್ಟಿ ಅನ್ನಬೇಡಿ. ಎಳೆತ ತೋರಿಸುವ ಅಂಕಿ ಟಾರ್ಕ್. ಕ್ಯಾರಿಯದು ಸುಮಾರು 104 ನ್ಯೂಟನ್ ಮೀಟರ್, ಅದೂ 2,900 ಆರ್‌ಪಿಎಂಗೆ (ಎಂಜಿನ್ ನಿಮಿಷಕ್ಕೆ ತಿರುಗುವ ಸುತ್ತು). ಇಂಟ್ರಾದ್ದು 140, ಅದು 1,800ಕ್ಕೇ ಸಿಗುತ್ತದೆ. ಕ್ಯಾರಿ 740 ಕೆ.ಜಿ. ಹೊತ್ತರೆ ಇಂಟ್ರಾ 1,300 ಕೆ.ಜಿ. ಹೊರುತ್ತದೆ.

ಡೀಸೆಲ್ ಎಂಜಿನ್ನಿನಲ್ಲಿ ಸ್ಪಾರ್ಕ್ ಪ್ಲಗ್ ಇಲ್ಲ. ಗಾಳಿಯನ್ನು ಜೋರಾಗಿ ಒತ್ತಿ, ಆ ಬಿಸಿಗೇ ಡೀಸೆಲ್ ಹೊತ್ತುವಂತೆ ಮಾಡುತ್ತಾರೆ. ಜೊತೆಗೆ ಈಗಿನ ಹೆಚ್ಚಿನವುಗಳಲ್ಲಿ ಎಂಜಿನ್ನಿಗೆ ಗಾಳಿ ತುರುಕುವ ಟರ್ಬೊ ಇರುವುದರಿಂದ ಕಡಿಮೆ ಸುತ್ತಿನಲ್ಲೇ ಬಲ ಬರುತ್ತದೆ. ಟ್ರೇಲರ್ ಎಳೆಯುವ ಟ್ರ್ಯಾಕ್ಟರುಗಳು ಡೀಸೆಲ್ ಆಗಿರುವುದೂ ಇದೇ ಕಾರಣಕ್ಕೆ.

ನವಲಗುಂದ, ಗದಗ ಕಡೆಯ ಎರೆ ಹೊಲದಿಂದ ಮಾಲು ತರುವವರಿಗೆ ಇದು ಚೆನ್ನಾಗಿ ಅರ್ಥವಾಗುತ್ತದೆ. ಒಂದು ಮಳೆ ಬಿದ್ದರೆ ಸಾಕು, ಮಣ್ಣು ಟಯರಿಗೆ ಮೆತ್ತಿಕೊಂಡು ಗಾಡಿ ಕದಲುವುದಿಲ್ಲ. ಸಣ್ಣ ಪೆಟ್ರೋಲ್ ಗಾಡಿಯಾದರೆ ಎಕ್ಸಲೇಟರ್ ಒತ್ತಿ ಹಾಫ್ ಕ್ಲಚ್ಚಿನಲ್ಲೇ ಎಬ್ಬಿಸಬೇಕು. ಸುಟ್ಟ ವಾಸನೆ ಬಂತೆಂದರೆ ಕ್ಲಚ್ ಪ್ಲೇಟ್ ಸವೆಯುತ್ತಿದೆ ಎಂದೇ ತಿಳಿಯಿರಿ. ಅಂಕೋಲಾಕ್ಕೆ ಬಾಡಿಗೆ ಹೊಡೆಯುವವರೂ ಅಷ್ಟೇ. ವಾಪಸ್ ಲೋಡು ಸಿಕ್ಕಿದರೆ ಅರಬೈಲ್ ಘಟ್ಟ ಹತ್ತಬೇಕು. ಟನ್ ಮೀರಿದ ಲೋಡು, ಘಟ್ಟದ ದಾರಿ ಎರಡೂ ಇದ್ದರೆ ಡೀಸೆಲ್ ಬಿಟ್ಟು ಬೇರೆ ಯೋಚನೆ ಮಾಡಬೇಡಿ.

ಈಗ ದುಡ್ಡಿನ ಲೆಕ್ಕ

ಲೆಕ್ಕ ಸುಲಭವಾಗಲಿ ಎಂದು ಡೀಸೆಲ್ 90 ರೂಪಾಯಿ, ಲೀಟರಿಗೆ 18 ಕಿ.ಮೀ. ಅಂದುಕೊಳ್ಳಿ. ಕಿ.ಮೀ.ಗೆ 5 ರೂಪಾಯಿ ಆಯಿತು. ಪೆಟ್ರೋಲ್ 100 ರೂಪಾಯಿ, 12.5 ಕಿ.ಮೀ. ಕೊಟ್ಟರೆ 8 ರೂಪಾಯಿ. ಕಿ.ಮೀ.ಗೆ 3 ರೂಪಾಯಿ ಉಳಿತಾಯ. ಡೀಸೆಲ್ ಗಾಡಿಗೆ 1,20,000 ರೂಪಾಯಿ ಜಾಸ್ತಿ ಕೊಟ್ಟಿದ್ದರೆ ಅದು ವಾಪಸ್ ಬರಲು 40,000 ಕಿ.ಮೀ. ಓಡಬೇಕು. ವರ್ಷಕ್ಕೆ 300 ದಿನ, ದಿನಕ್ಕೆ 120 ಕಿ.ಮೀ. ಓಡಿಸಿದರೆ ಸುಮಾರು 13 ತಿಂಗಳು ಸಾಕು. ದಿನಕ್ಕೆ 40 ಕಿ.ಮೀ. ಆದರೆ ಮೂರು ವರ್ಷ ದಾಟುತ್ತದೆ. ನಿಮ್ಮ ಬಂಕಿನ ದರ, ಲೋಡಿದ್ದಾಗಿನ ಅವರೇಜ್, ಕಂತಿನ ಬಡ್ಡಿ ಹಾಕಿ ನೀವೇ ಗುಣಿಸಿ ನೋಡಿ.

ಊರೊಳಗೆ ಓಡಿಸುವವರಿಗೆ

ಹುಬ್ಬಳ್ಳಿ ಪೇಟೆಯಲ್ಲಿ ಕಿರಾಣಿ, ತರಕಾರಿ ಹಾಕುವ ಗಾಡಿ ಎರಡು ಕಿ.ಮೀ. ಓಡುತ್ತದೆ, ನಿಲ್ಲುತ್ತದೆ, ಮತ್ತೆ ಓಡುತ್ತದೆ. ಬಿಎಸ್-6 ಡೀಸೆಲ್ ಗಾಡಿಗೆ ಇದು ಒಗ್ಗುವುದಿಲ್ಲ. ಹೆಚ್ಚಿನ ಗಾಡಿಗಳ ಸೈಲೆನ್ಸರ್ ಸಾಲಿನಲ್ಲಿ ಡಿಪಿಎಫ್ ಎಂಬ ಮಸಿ ಹಿಡಿಯುವ ಫಿಲ್ಟರ್ ಇದೆ. ಹೊಗೆ ಚೆನ್ನಾಗಿ ಕಾದರೆ ಮಾತ್ರ ಆ ಮಸಿ ಉರಿದುಹೋಗುತ್ತದೆ. ಸಣ್ಣ ಓಡಾಟದಲ್ಲಿ ಹೊಗೆ ಅಷ್ಟು ಬಿಸಿಯಾಗುವುದಿಲ್ಲ, ಫಿಲ್ಟರ್ ಕಟ್ಟಿಕೊಳ್ಳುತ್ತದೆ. ಡಿಪಿಎಫ್ ದೀಪ ಹತ್ತಿದರೆ ಧಾರವಾಡದ ಕಡೆ ಬೈಪಾಸಿನಲ್ಲಿ ನಿಲ್ಲಿಸದೆ ಒಂದಿಷ್ಟು ದೂರ ಓಡಿಸಿ. ದೀಪ ಆರದಿದ್ದರೆ ತಡ ಮಾಡದೆ ಸರ್ವಿಸ್ ಸೆಂಟರಿಗೆ ಒಯ್ಯಿರಿ. ಫಿಲ್ಟರ್ ಬದಲಿಸುವ ಖರ್ಚು ದೊಡ್ಡದು. ಅದಕ್ಕೇ ಹೇಳುವುದು, 700 ಕೆ.ಜಿ. ಒಳಗಿನ ಲೋಡು, ಊರೊಳಗಿನ ಓಡಾಟ ಆದರೆ ಪೆಟ್ರೋಲೇ ಸರಿ. ಸಿಎನ್‌ಜಿ ಬಂಕ್ ಹತ್ತಿರವಿದ್ದರೆ ಅದನ್ನೂ ವಿಚಾರಿಸಿ.

ಅಡ್ವಾನ್ಸ್ ಕೊಡುವ ಮುಂಚೆ

ಖಾಲಿ ಗಾಡಿ ಓಡಿಸಿ ನೋಡಿದರೆ ಏನೂ ತಿಳಿಯುವುದಿಲ್ಲ. ಪಾಸಿಂಗಿನಷ್ಟು ಲೋಡು ಹಾಕಿಸಿ ಟ್ರಯಲ್ ಕೇಳಿ. ಏರಿನಲ್ಲಿ ಪೂರ್ತಿ ನಿಲ್ಲಿಸಿ ಮೊದಲ ಗೇರಿನಲ್ಲಿ ಎಬ್ಬಿಸಿ. ಹಾಫ್ ಕ್ಲಚ್ಚಿನಲ್ಲಿ ಎಳೆದಾಡಬೇಕಾಯಿತೇ, ಎರಡನೇ ಗೇರಿಗೆ ಹಾಕಿದಾಗ ದಮ್ಮು ಕಟ್ಟಿತೇ ಗಮನಿಸಿ. ಹತ್ತಿರದ ಸರ್ವಿಸ್ ಸೆಂಟರ್ ಎಲ್ಲಿದೆ ಎಂದೂ ಕೇಳಿ. ಬಿಎಸ್-6 ಡೀಸೆಲ್ಲಿನ ಸೆನ್ಸರ್ ತೊಂದರೆಯನ್ನು ಸ್ಕ್ಯಾನರ್ ಇಲ್ಲದ ರಸ್ತೆ ಬದಿ ಗ್ಯಾರೇಜಿನಲ್ಲಿ ಪತ್ತೆ ಹಚ್ಚಲು ಆಗುವುದಿಲ್ಲ.